ಕಾಲೇಜು ಊರಿನ ಸೊಪ್ಪಿನ ಪಲ್ಯ

ನನಗೆ ಕೂತಲ್ಲಿ ಕೂತಿರಲು ಬರುವುದಿಲ್ಲ. ಮೆಟುಚೆನ್‌ನಿಂದ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿ ಕಂಬಿ ಹಿಡಿದು ನಿಂತಿರುತ್ತೇನೆ. ಮನೆಯಲ್ಲಿ ಟೀವಿ ನೋಡುವಾಗಲೂ ತೊಡೆಯ ಮೇಲೆ ಬಿಡಿಸುವುದಕ್ಕೆ ಒಂದಿಷ್ಟು ಕಾಳೋ ಕಾಯೋ ಇರಲೇಬೇಕು. ಧಾರವಾಡದವರಾದ ನನ್ನ ಗಂಡ ಮದುವೆಯಾದ ವಾರದಲ್ಲೇ, “ಇಕೀ ಕಾಲಿಗೆ ಚಕ್ರ ಕಟ್ಟಿ ಕಳಿಸ್ಯಾರ” ಎಂದು ಮೈಸೂರಿನಲ್ಲಿ ನಮ್ಮಮ್ಮನ ಎದುರಿಗೇ ಹೇಳಿ ಎಲ್ಲರನ್ನೂ ನಗಿಸಿದ್ದರು. ಅಂಥವಳು ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಇಡೀ ವೀಕೆಂಡ್ ಕಾರಿನ ಸೀಟಿಗೆ ಬೆಲ್ಟ್ ಬಿಗಿದುಕೊಂಡು, ದಕ್ಷಿಣದ ಎರಡು ಕಾಲೇಜು ಊರುಗಳನ್ನು ನೋಡಿಬಂದೆ. ನೋಡಿದ್ದೇನು ಬಂತು, ಹುಳುಕು ಹುಡುಕಿಕೊಂಡು ಬಂದೆ ಎನ್ನಬೇಕು.

ಕಾರಣ ನಮ್ಮ ಮಗಳು. ಹೈಸ್ಕೂಲಿನ ಕೊನೆಯ ವರ್ಷ. ಎರಡು ಕಡೆ ಅಡ್ಮಿಷನ್ ಸಿಕ್ಕಿತ್ತು. ಒಂದು ನಮ್ಮದೇ ರಾಜ್ಯದ್ದು. ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಮನೆಯಿಂದ ಹೊರಟರೆ ಸಾರು ಆರುವುದರೊಳಗೆ ತಲುಪಬಹುದು. ಇನ್ನೊಂದು ನಾರ್ತ್ ಕ್ಯಾರೊಲಿನಾದಲ್ಲಿ, ಇಡೀ ಒಂದು ಹಗಲಿನ ಡ್ರೈವ್. ತಿಂಗಳ ಕೊನೆಯೊಳಗೆ ಎಲ್ಲಿಗೆಂದು ಹೇಳಬೇಕಿತ್ತು. ಅವಳ ಜೀವ ಎಲ್ಲಾ ಆ ಎರಡನೆಯದರ ಮೇಲೆ. ಅವಳಪ್ಪ “ಅಕೀ ಇಷ್ಟ” ಎಂದು ಕೈತೊಳೆದುಕೊಂಡಿದ್ದರು. ನಾನು ಬೇಡ ಎಂದಿದ್ದೆ. ನಾನು ಬೇಡ ಎಂದರೆ ಅವಳು ಹೋಗುವವಳಲ್ಲ ಎನ್ನುವುದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು.

“ನೀ ಮೈಸೂರಿನಿಂದ ಎಷ್ಟು ದೂರ ಬಂದೀ ಅಂತ ನೆನಪದ ಏನು?” ಎಂದು ಗಂಡ ಕೆಣಕಿದರು.

“ಅದು ಬೇರೆ, ಇದು ಬೇರೆ,” ಎಂದೆ. ಮಗಳಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು ಎನ್ನುವ ಒಂದು ಯೋಚನೆ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಅತ್ತುಬಿಡುತ್ತಿದ್ದೆ. ಅದಕ್ಕೆ ಊಟ, ಹವೆ, ದೂರ ಅಂತ ಬೇರೆ ಬೇರೆ ಕಾರಣ ಹೇಳುತ್ತಿದ್ದೆ.

ನ್ಯೂಯಾರ್ಕಿನ ಬೆಲ್‌ರೋಸ್‌ನಲ್ಲಿರುವ ನನ್ನ ಅಕ್ಕನೂ ಫೋನಿನಲ್ಲಿ ಉರಿಯುವುದಕ್ಕೆ ತುಪ್ಪ ಹೊಯ್ದಳು. “ಸೌತ್ ಕಡೆಗಾ? ನಮ್ಮಲ್ಲಾದ್ರೆ ಹಿಲ್‌ಸೈಡ್ ಅವೆನ್ಯೂಗೆ ಹೋದ್ರೆ ಕರಿಬೇವಿಂದ ಹಿಡಿದು ನುಗ್ಗೆಕಾಯಿ ತನಕ ಸಿಗುತ್ತೆ. ಅಲ್ಲಿ ಮಗು ಏನೇ ತಿನ್ನುತ್ತೆ?”

ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡುತ್ತಲೇ ಹೇಳಿದಳು, “ಜಸ್ಟ್ ಕಮ್ ಅಂಡ್ ಸೀ ಇಟ್ ಒನ್ಸ್. ಇಫ್ ಯೂ ಸ್ಟಿಲ್ ಸೇ ನೋ, ಐ ವೋಂಟ್ ಆಸ್ಕ್ ಅಗೇನ್.” ಒಂದು ಸಲ ಬಂದು ನೋಡು, ಆಮೇಲೂ ಬೇಡ ಅಂದರೆ ಮತ್ತೆ ಕೇಳುವುದಿಲ್ಲ. ಬೇಡಿಕೆಯೂ ಅದೇ, ಪಂದ್ಯವೂ ಅದೇ. ನನಗೆ ಗೆಲ್ಲುತ್ತೇನೆಂಬ ಧೈರ್ಯವಿತ್ತು, ಒಪ್ಪಿಕೊಂಡೆ.

ಅವಳು ವಾರಗಟ್ಟಲೆ ಫೋನಿನಲ್ಲಿ ಹುಡುಕಿ, ಯಾವ ಊರಿನಲ್ಲಿ ಎಲ್ಲಿ ತಿನ್ನಬೇಕು, ಎಲ್ಲಿ ತಿರುಗಾಡಬೇಕು, ಎಲ್ಲಿ ನಮಗೆ ನಡೆಯುವ ಊಟ ಸಿಗುತ್ತದೆ ಎಂದೆಲ್ಲ ಗೊತ್ತುಮಾಡಿಕೊಂಡಿದ್ದಳು. ನಾನು ಗುರುವಾರ ಸಂಜೆ ಕೆಲಸದಿಂದ ಬಂದವಳೇ ಪುಳಿಯೋಗರೆ ಕಲಸಿದೆ, ಚಪಾತಿ ಲಟ್ಟಿಸಿದೆ, ಟೊಮೆಟೊ ಗೊಜ್ಜು ಮಾಡಿದೆ, ಮೊಸರನ್ನಕ್ಕೆ ಒಗ್ಗರಣೆ ಹಾಕಿದೆ. ಚಟ್ನಿಪುಡಿ, ಕೋಡುಬಳೆ ಮೊದಲೇ ಇದ್ದವು. ಎಲ್ಲವನ್ನೂ ಡಬ್ಬಿಗಳಿಗೆ ತುಂಬಿ, ಡಬ್ಬಿಗಳನ್ನು ಐಸಿನ ಜೊತೆ ದೊಡ್ಡ ಕೂಲರ್‌ಗೆ ಇಳಿಸಿ, ಕೂಲರನ್ನು ಡಿಕ್ಕಿಯಲ್ಲಿಟ್ಟೆ. ಶುಕ್ರವಾರ ಬೆಳಗ್ಗೆ ತನ್ನ ಬ್ಯಾಗ್ ಇಡಲು ಬಂದ ಮಗಳು ಅದನ್ನು ನೋಡಿದಳು. ಬ್ಯಾಗನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

ಟರ್ನ್‌ಪೈಕ್ ಹೆದ್ದಾರಿ ಮುಗಿದು ಡೆಲವೇರ್ ದಾಟುವ ಹೊತ್ತಿಗೆ ನಾನು ಎರಡು ಸಲ ರೆಸ್ಟ್ ಏರಿಯಾದಲ್ಲಿ ಗಾಡಿ ನಿಲ್ಲಿಸಿದ್ದೆ. ಒಮ್ಮೆ ಕೂಲರ್‌ನಿಂದ ನೀರು ಸೋರುತ್ತಿದೆಯೇನೋ ನೋಡಲು, ಇನ್ನೊಮ್ಮೆ ಸುಮ್ಮನೆ. “ಏ, ಸ್ವಲ್ಪ ಸುಮ್ಮ ಕೂಡು. ಊರು ನೋಡ್ಲಿಕ್ಕೆ ಹೊಂಟೇವಿ, ಇನ್‌ಸ್ಪೆಕ್ಷನ್ ಮಾಡ್ಲಿಕ್ಕೆ ಅಲ್ಲ,” ಎಂದು ಗಂಡ ಸ್ಟಿಯರಿಂಗ್ ತಾವೇ ತೆಗೆದುಕೊಂಡರು. ಪಕ್ಕದ ಸೀಟಿನಲ್ಲಿ ಕೂತು ನನ್ನ ಕಾಲು ಇನ್ನಷ್ಟು ಕುಣಿಯಿತು.

ಮೊದಲ ಊರು ವರ್ಜೀನಿಯಾದ್ದು. ಅಲ್ಲಿ ಅವಳು ಅರ್ಜಿ ಹಾಕಿರಲಿಲ್ಲ. ದಾರಿಯಲ್ಲಿದೆ, ಚೆನ್ನಾಗಿದೆ, ದಕ್ಷಿಣದ ಕಾಲೇಜು ಊರು ಅಂದರೆ ಹೇಗಿರುತ್ತದೆಂದು ಅಮ್ಮನಿಗೆ ಅಭ್ಯಾಸವಾಗಲಿ ಎಂಬ ಲೆಕ್ಕ ಅವಳದು. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಕೆಂಪು ಇಟ್ಟಿಗೆಯ ಕಟ್ಟಡಗಳು, ಬಿಳಿಯ ಕಂಬಗಳು, ಮೆತ್ತಗೆ ಇಳಿಯುತ್ತಾ ಹೋಗುವ ಹುಲ್ಲುಹಾಸು. ಕಾರುಗಳಿಲ್ಲದ ಒಂದು ಬೀದಿಯುದ್ದಕ್ಕೂ ಪುಸ್ತಕದಂಗಡಿ, ಕಾಫಿ ಅಂಗಡಿ, ಮರದ ಕೆಳಗೆ ಗಿಟಾರ್ ಬಾರಿಸುವ ಹುಡುಗರು. ಈ ಇಟ್ಟಿಗೆಗಳನ್ನು ಸುಟ್ಟು ಹೊತ್ತವರು ಗುಲಾಮರು ಎಂದು ಒಂದು ಫಲಕದಲ್ಲಿ ಬರೆದಿತ್ತು. ನನ್ನ ಗಂಡ ಅದನ್ನು ಪೂರ್ತಿ ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಓದಿದರು. ಆಮೇಲೆ ತುಸು ಹೊತ್ತು ನಮ್ಮಲ್ಲಿ ಯಾರೂ ಫೋಟೊ ತೆಗೆಯಲಿಲ್ಲ.

ಮಧ್ಯಾಹ್ನದ ಊಟಕ್ಕೆಂದು ಅವಳು ಒಂದು ಸ್ಯಾಂಡ್‌ವಿಚ್ ಅಂಗಡಿ ಆರಿಸಿದ್ದಳು. ನಾನು ಪಾರ್ಕಿನ ಬೆಂಚಿನ ಮೇಲೆ ಪೇಪರ್ ತಟ್ಟೆ ಹರಡಿ ಪುಳಿಯೋಗರೆ ಬಡಿಸಿಬಿಟ್ಟೆ. ಅವಳು ತಿಂದಳು. ದಾರಿಹೋಕ ವಿದ್ಯಾರ್ಥಿಗಳು ಇಂಗಿನ ವಾಸನೆಗೆ ತಿರುಗಿ ನೋಡಿದಾಗಲೆಲ್ಲ ನಮ್ಮಿಂದ ಅರ್ಧ ಮೊಳ ಆಚೆ ಸರಿಯುತ್ತಿದ್ದಳು. ಸರಿದು ಸರಿದು ಬೆಂಚಿನ ತುದಿ ಮುಟ್ಟಿದಳು.

ಮರುದಿನ ಬೆಳಗ್ಗೆ ಮಾತ್ರ ಅಪ್ಪ ಮಗಳು ಒಂದಾಗಿ ನನ್ನ ಚಪಾತಿಗಳನ್ನು ಹೋಟೆಲ್ ರೂಮಿನಲ್ಲೇ ಬಿಟ್ಟು, ನನ್ನನ್ನು ತಿಂಡಿಗೆ ಹೊರಗೆ ಎಳೆದುಕೊಂಡು ಹೋದರು. ಅಲ್ಲಿ ಗ್ರಿಟ್ಸ್ ಎಂದು ಒಂದು ಬಟ್ಟಲು ಬಿಳಿ ಗಂಜಿ ತಂದಿಟ್ಟರು. ಗಂಡ ಒಂದು ಚಮಚ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

“ಇದು ನಮ್ಮ ನುಚ್ಚು ಅದ. ಒಂದೀಟು ಮಜ್ಜಿಗಿ, ಹಸಿ ಉಳ್ಳಾಗಡ್ಡಿ ಇದ್ದಿದ್ರ ಇಲ್ಲೇ ಮನಿ ಮಾಡ್ತಿದ್ದೆ.”

ಮಗಳು ನಕ್ಕಳು. ಆ ಪ್ರವಾಸದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಆ ನಗು ನನ್ನ ಕಡೆ ತಿರುಗಿದಾಗ ಪ್ರಶ್ನೆಯಾಗಿತ್ತು. ನಾನು ಉಪ್ಪು ಕಮ್ಮಿ ಎಂದೆ.

ನಾರ್ತ್ ಕ್ಯಾರೊಲಿನಾದ ಆ ಊರಿಗೆ ತಲುಪಿದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಕಾರಿನಿಂದ ಇಳಿದು ಬಾಗಿಲು ಹಾಕಿದೆ, ಕೈಯೆಲ್ಲ ಹಳದಿ. ಪೈನ್ ಮರಗಳ ಪರಾಗ. ಕಾರುಗಳ ಮೇಲೆ, ಬೆಂಚುಗಳ ಮೇಲೆ, ಮೆಟ್ಟಿಲುಗಳ ಮೇಲೆ, ಎಲ್ಲೆಲ್ಲೂ ಯಾರೋ ಅರಿಶಿನ ಎರಚಿದಂತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಮಗಳಿಗೆ ಅಲರ್ಜಿ ಇದೆ. “ನೋಡಿದ್ಯಾ, ಇಲ್ಲಿ ಉಸಿರಾಡೋದೇ ಕಷ್ಟ,” ಎಂದೆ. ಅವಳು ಎರಡು ಸೀನು ತಡೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಕ್ಯಾಂಪಸ್ ತೋರಿಸಲು ಬಂದ ವಿದ್ಯಾರ್ಥಿನಿ ನಮ್ಮ ಕಡೆ ಮುಖಮಾಡಿ ಹಿಂದೆ ಹಿಂದೆ ನಡೆಯುತ್ತಾ ಮಾತಾಡುತ್ತಿದ್ದಳು. ಎಲ್ಲಿ ಎಡವುತ್ತಾಳೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು, ಅವಳು ಎಡವಲಿಲ್ಲ. ಲೈಬ್ರರಿ ತೋರಿಸಿದಳು, ಹೂತೋಟ ತೋರಿಸಿದಳು. ತೋಟದಲ್ಲಿ ಡಾಗ್‌ವುಡ್ ಮರಗಳು ಬಿಳಿಯ ಹೂ ಬಿಟ್ಟು ನಿಂತಿದ್ದವು, ಕೆಳಗೆ ಒಬ್ಬ ಹುಡುಗಿ ಚಪ್ಪಲಿ ಬಿಟ್ಟು ಮಲಗಿ ಓದುತ್ತಿದ್ದಳು. ಮಗಳು ಆ ಹುಡುಗಿಯನ್ನೇ ನೋಡುತ್ತಾ ಗುಂಪಿನಿಂದ ಹಿಂದೆ ಉಳಿದಳು. ಅವಳು ತನ್ನನ್ನೇ ಅಲ್ಲಿ ಮಲಗಿಸಿ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

ಕೊನೆಯಲ್ಲಿ ಪ್ರಶ್ನೆಗಳಿದ್ದರೆ ಕೇಳಿ ಎಂದಳು ಆ ವಿದ್ಯಾರ್ಥಿನಿ. ಬೇರೆ ಅಪ್ಪ ಅಮ್ಮಂದಿರು ರಿಸರ್ಚ್, ಇಂಟರ್ನ್‌ಶಿಪ್ ಎಂದು ಕೇಳಿದರು. ನಾನು ಕೈಯೆತ್ತಿ, ಹಾಸ್ಟೆಲ್ ರೂಮಿನಲ್ಲಿ ರೈಸ್ ಕುಕ್ಕರ್ ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. ಇಲ್ಲ ಮ್ಯಾಮ್, ಬೆಂಕಿಯ ಭಯ, ಆದರೆ ಚಿಕ್ಕದೊಂದು ಫ್ರಿಜ್ ಇಟ್ಟುಕೊಳ್ಳಬಹುದು ಎಂದು ಅವಳು ನಯವಾಗಿಯೇ ಹೇಳಿದಳು. ಯಾರೋ ಹಿಂದೆ ಕಿಸಕ್ಕೆಂದರು. ಮಗಳು ಕುತ್ತಿಗೆಯವರೆಗೆ ಕೆಂಪಾದಳು. ನಾನು ಮಾತ್ರ ಗಂಡನ ಕಿವಿಯಲ್ಲಿ, “ಕೇಳಿಸ್ತಾ? ಅನ್ನ ಮಾಡ್ಕೊಳ್ಳೋಕೂ ಬಿಡಲ್ವಂತೆ,” ಎಂದು ಮೆಲ್ಲಗೆ ಹೇಳಿದೆ.

ಹೊರಬರುವಾಗ ಹಸಿವಿನಿಂದ ಎಲ್ಲರ ತಲೆಯೂ ಬಿಸಿಯಾಗಿತ್ತು. ಕೂಲರಿನಲ್ಲಿ ಮೊಸರನ್ನವಿದೆ ಎಂದೆ. “ಅಮ್ಮಾ, ಪ್ಲೀಸ್. ಒನ್ ಮೀಲ್,” ಎಂದಳು. ಧ್ವನಿ ಎಷ್ಟು ಸೋತಿತ್ತೆಂದರೆ ನಾನು ಸರಿ ಎಂದುಬಿಟ್ಟೆ. ಅವಳು ಗೊತ್ತುಮಾಡಿದ್ದ ಜಾಗ ಪೂರ್ತಿ ಸಸ್ಯಾಹಾರಿ, ಮೊದಲೇ ಫೋನ್ ಮಾಡಿ ವಿಚಾರಿಸಿಯೂ ಇದ್ದಳು. ಹೋಗಿ ನೋಡಿದರೆ ಕ್ಯೂ ಮೂಲೆ ತಿರುಗಿ ಪಾರ್ಕಿಂಗ್ ಲಾಟಿನವರೆಗೆ ನಿಂತಿತ್ತು. ನನಗೆ ಕ್ಯೂ ಅಂದರೆ ಮೈಮೇಲೆ ಇರುವೆ ಬಿಟ್ಟಂತೆ. ಎದುರುಗಡೆ ಒಂದು ಹಳೆಯ ಕಾಲದ ಊಟದ ಅಂಗಡಿ ಖಾಲಿಯಿತ್ತು. ಕಿಟಕಿಯ ಹಲಗೆಯ ಮೇಲೆ ಇವತ್ತಿನ ತರಕಾರಿಗಳು ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು: ಸೊಪ್ಪು, ಅಲಸಂದೆ, ಬೆಂಡೆಕಾಯಿ, ಮೆಕ್ಕೆಜೋಳದ ಬ್ರೆಡ್ಡು. ನಾನು ರಸ್ತೆ ದಾಟಿಯೇಬಿಟ್ಟೆ, ಅವರಿಬ್ಬರೂ ಹಿಂದೆ ಬಂದರು.

“ಲೆಟ್ ಮಿ ಚೆಕ್ ಫಸ್ಟ್,” ಎಂದಳು ಮಗಳು ಮೆನು ತಿರುವುತ್ತಾ.

“ಸೊಪ್ಪಿಗೆ ಏನೇ ಚೆಕ್ ಮಾಡೋದು? ಸೊಪ್ಪು ಸೊಪ್ಪೇ,” ಎಂದೆ. ಬಡಿಸುವ ಹೆಂಗಸಿಗೆ ಮಾಂಸ ಬೇಡ, ತರಕಾರಿಗಳನ್ನಷ್ಟೇ ಕೊಡಿ ಎಂದು ಹೇಳಿದೆ. ನಲವತ್ತು ದಾಟಿದ, ಸಸ್ಯಾಹಾರಿ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ, ಮಾಂಸವನ್ನು ಬೇಡ ಎಂದ ಮೇಲೆ ತರಕಾರಿಯಲ್ಲಿ ತರಕಾರಿ ಬಿಟ್ಟು ಬೇರೇನಿದ್ದೀತು ಎಂಬ ಯೋಚನೆಯೇ ಬರಲಿಲ್ಲ.

ತಟ್ಟೆಗಳು ಬಂದವು. ಮಗಳು ತನ್ನದನ್ನು ಮುಟ್ಟದೆ, ಕೈ ತೊಳೆದು ಬರುತ್ತೇನೆಂದು ಎದ್ದು ಹೋದಳು. ನಾನು ಮೆಕ್ಕೆಜೋಳದ ಬ್ರೆಡ್ಡಿನ ಚೂರು ಮುರಿದು, ಅದರಲ್ಲಿ ಸೊಪ್ಪು ಹಿಡಿದು ಬಾಯಿಗಿಟ್ಟೆ. ಅಯ್ಯೋ, ಏನು ಹೇಳಲಿ. ಮೆತ್ತಗೆ ಬೆಂದು, ತುಸು ಹುಳಿ, ತುಸು ಖಾರ, ಕೆಳಗೆ ಗಟ್ಟಿ ರಸ. ಅಲಸಂದೆ ಕಾಳು ನಮ್ಮಮ್ಮ ಹಬ್ಬದ ಮರುದಿನ ಮಾಡುವ ಹುಳಿಯ ಹದಕ್ಕೆ ಬೆಂದಿತ್ತು. ನಿನ್ನೆಯೆಲ್ಲ ತಣ್ಣನೆಯ ಡಬ್ಬಿ ಊಟ ಅಗಿದ ಬಾಯಿ, ಅರ್ಧ ತಟ್ಟೆ ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಬೆನ್ನನ್ನು ಸೀಟಿಗೆ ಆನಿಸಿ, ಕಾಲು ಚಾಚಿ ಕೂತಿದ್ದೆ. ಗಂಡ ನನ್ನ ಕಾಲನ್ನೇ ನೋಡುತ್ತಿದ್ದರು.

“ಏನ್ರೀ?”

“ಏನಿಲ್ಲ. ಚಕ್ರ ನಿಂತಾವು.”

“ಇಷ್ಟು ಚೆನ್ನಾಗಿ ಸೊಪ್ಪು ಬೇಯಿಸೋ ಊರಲ್ಲಿ ಬದುಕಬಹುದು ಬಿಡಿ,” ಎಂದೆ ನಾನು. ಬಾಯಿತುಂಬ ಊಟವಿಟ್ಟುಕೊಂಡು, ನಗುತ್ತಾ, ಮನಸಾರೆ ಹೇಳಿದೆ.

ಹೇಳಿ ತಲೆಯೆತ್ತಿದರೆ ಮಗಳು ಬಂದು ನಿಂತಿದ್ದಳು. ಖಾಲಿ ಕುರ್ಚಿಯ ಬೆನ್ನು ಹಿಡಿದಿದ್ದಳು. ನನ್ನ ಮಾತು ಅವಳಿಗೆ ಕೇಳಿಸಿತ್ತು, ಅದು ಮುಖದಲ್ಲೇ ಗೊತ್ತಾಗುತ್ತಿತ್ತು. ಇಷ್ಟು ದಿನ ಕಾದಿದ್ದ ಮಾತು ಅದು. ಆದರೂ ಆ ಮುಖದಲ್ಲಿ ಸಂತೋಷವಿರಲಿಲ್ಲ. ಒಮ್ಮೆ ಅಪ್ಪನನ್ನು ನೋಡಿದಳು, ಒಮ್ಮೆ ನನ್ನ ತಟ್ಟೆಯನ್ನು ನೋಡಿದಳು. ನಾನು ಇನ್ನೊಂದು ತುತ್ತು ಎತ್ತಿದೆ.

“ಅಮ್ಮಾ, ಡೋಂಟ್. ಐ ಆಸ್ಕ್‌ಡ್ ದೆಮ್. ದೇರ್ ಈಸ್ ಪೋರ್ಕ್ ಇನ್ ಇಟ್.”

ಕೌಂಟರಿನಲ್ಲಿ ವಿಚಾರಿಸಿ ಬಂದಿದ್ದಳು. ಸೊಪ್ಪನ್ನೂ ಕಾಳನ್ನೂ ಅಲ್ಲಿ ಹಂದಿಯ ಮೂಳೆ ಹಾಕಿಯೇ ಬೇಯಿಸುತ್ತಾರೆ. ಹಾಗೆ ಬೇಯಿಸಿದ್ದೂ ಅವರಿಗೆ ತರಕಾರಿಯೇ. ಕೇಳಿದವರಿಗೆ ಹೇಳುತ್ತಾರೆ, ನಾನು ಕೇಳಲಿಲ್ಲ.

ಬಾಯಲ್ಲಿದ್ದುದನ್ನು ನ್ಯಾಪ್‌ಕಿನ್‌ಗೆ ಉಗಿದು ಹೊರಗೆ ಓಡಿದೆ. ಪಾರ್ಕಿಂಗ್ ಲಾಟಿನಲ್ಲಿ ಬಾಟಲಿ ನೀರೆಲ್ಲ ಖಾಲಿಯಾಗುವವರೆಗೆ ಬಾಯಿ ಮುಕ್ಕಳಿಸಿದೆ. ಹಳದಿ ಧೂಳಿನ ಮೇಲೆ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ನಡೆದೆ. ಅತ್ತುಬಿಟ್ಟೆ. ಯಾಕೆ ಅತ್ತೆನೆಂದರೆ ತಿನ್ನಬಾರದ್ದನ್ನು ತಿಂದಿದ್ದೆ, ಅದು ಒಂದು. ರುಚಿಯಾಗಿತ್ತಲ್ಲ, ಅದಕ್ಕೆ ಇನ್ನಷ್ಟು. ಬಡಿಸಿದ ಹೆಂಗಸು ಬಾಗಿಲಿಗೆ ಬಂದು, ಕ್ಷಮಿಸು ಚಿನ್ನಾ, ನಮ್ಮಲ್ಲಿ ಟೀ ಒಂದು ಬಿಟ್ಟು ಎಲ್ಲದರಲ್ಲೂ ಒಂದು ಚೂರು ಹಂದಿಮಾಂಸ ಇರುತ್ತೆ ಎಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಗಂಡ ಬಂದು ಹೆಗಲ ಮೇಲೆ ಕೈಯಿಟ್ಟರು. “ನಾನೂ ತಿಂದೇನಿ. ಆಗಿದ್ದು ಆತು, ಗೊತ್ತಿಲ್ಲದ ಆತು. ನಡಿ.”

ಕಾರಿನಲ್ಲಿ ಕೂತ ಮೇಲೆ ನನ್ನ ನಾಲಿಗೆಯ ತುದಿಯಲ್ಲಿ ಇಡೀ ಭಾಷಣ ಸಿದ್ಧವಾಗಿತ್ತು. ನೋಡಿದ್ಯಾ, ಇದಕ್ಕೇ ಹೇಳಿದ್ದು, ಇಂಥ ಊರಿನಲ್ಲಿ ನಾಲ್ಕು ವರ್ಷ. ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಮಾತು ಬಂತು.

“ಇಟ್ಸ್ ಓಕೆ. ಐ ವಿಲ್ ಗೋ ಟು ದ ಒನ್ ನಿಯರ್ ಹೋಮ್.” ಮನೆ ಹತ್ತಿರದ್ದಕ್ಕೇ ಹೋಗುತ್ತೇನೆ. ಮುನಿಸಿರಲಿಲ್ಲ, ಅಳುವೂ ಇರಲಿಲ್ಲ. ಪಂದ್ಯ ಮುಗಿಯಿತು ಎನ್ನುವ ಹಾಗೆ ಹೇಳಿ, ಕಿಟಕಿಗೆ ತಲೆ ಆನಿಸಿದಳು. ಆ ಸಂಜೆಗೆ ಅವಳು ಗೊತ್ತುಮಾಡಿದ್ದ ಐಸ್‌ಕ್ರೀಮ್ ಅಂಗಡಿಗೂ ಹೋಗಲಿಲ್ಲ, ಕೆರೆಯ ಸುತ್ತಿನ ವಾಕಿಂಗಿಗೂ ಹೋಗಲಿಲ್ಲ.

ಗೆದ್ದಿದ್ದೆ. ಗೆದ್ದವರಿಗೆ ನಿದ್ದೆ ಬರಬೇಕಲ್ಲ. ಮರುದಿನ ವರ್ಜೀನಿಯಾ ಉದ್ದಕ್ಕೂ ನನಗೆ ಮುಳ್ಳಿನ ಮೇಲೆ ಕೂತಂತಾಯಿತು. ಎ.ಸಿ. ಹಾಕಿದೆ, ಆರಿಸಿದೆ, ಕಿಟಕಿ ಇಳಿಸಿದೆ. ಒಂದೇ ಯೋಚನೆ ಸುತ್ತುತ್ತಿತ್ತು. ಮಗಳು ಸುಮ್ಮನೆ ಬಂದು ಕುರ್ಚಿಯಲ್ಲಿ ಕೂತಿದ್ದರೆ ಸಾಕಿತ್ತು. ನಾನು ತಟ್ಟೆ ನೆಕ್ಕಿ ಎದ್ದಿರುತ್ತಿದ್ದೆ, ಈ ಊರೇ ಚೆನ್ನ ಎಂದು ಬೆಲ್‌ರೋಸ್‌ಗೆ ಫೋನ್ ಮಾಡಿರುತ್ತಿದ್ದೆ. ನನಗೆ ಎಂದೆಂದಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಬೇಕಾದ್ದು ಅವಳ ಕೈಯಲ್ಲೇ ಇತ್ತು.

ಮೇರಿಲ್ಯಾಂಡಿನ ರೆಸ್ಟ್ ಏರಿಯಾದಲ್ಲಿ ಗಂಡ ಕಾಫಿಗೆ ಹೋದರು. ನಾವಿಬ್ಬರೇ ಕೂಲರ್ ತೆರೆದು ನಿಂತಿದ್ದೆವು. ಅವಳು ತಾನಾಗಿಯೇ ಮೊಸರನ್ನದ ಡಬ್ಬಿ ತೆಗೆದಳು.

“ಯಾಕೆ ಹೇಳ್ದೆ?” ಎಂದು ಕೇಳಿದೆ.

ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಹೇಳಿದಳು, “ನೀನು ತಿನ್ನಲ್ಲ ಅಲ್ವಾ, ಅದಕ್ಕೆ.”

ಕನ್ನಡದಲ್ಲೇ ಹೇಳಿದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹದಿನೇಳು ವರ್ಷ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಹುಡುಗಿ. ನಾನು ಚಮಚ ಹುಡುಕುವ ನೆಪದಲ್ಲಿ ಡಿಕ್ಕಿಯೊಳಗೆ ತಲೆ ತೂರಿಸಿ ಬಹಳ ಹೊತ್ತು ಹುಡುಕಿದೆ. ಚಮಚಗಳು ಎದುರಿಗೇ ಇದ್ದವು. ಇವಳಿಗೆ ಜ್ವರ ಬಂದರೆ ಯಾರು ನೋಡುತ್ತಾರೆ ಎಂದು ನಾನು ಹೆದರುತ್ತಿದ್ದೆ. ನಾನು ನೋಡದಿದ್ದಾಗ ನನ್ನನ್ನು ನೋಡಿಕೊಂಡದ್ದು ಇವಳು.

ಡೆಲವೇರ್ ಸೇತುವೆ ದಾಟಿ ಟರ್ನ್‌ಪೈಕ್ ಹಿಡಿದೆವು. ಗಾಜಿನ ಮೇಲೆ ಇನ್ನೂ ಹಳದಿ ಧೂಳಿತ್ತು, ಗಂಡ ವೈಪರ್ ಹಾಕಿದರು, ಅದು ಬಳಿದುಕೊಂಡಿತೇ ಹೊರತು ಹೋಗಲಿಲ್ಲ. ಓಲ್ಡ್ ಬ್ರಿಡ್ಜ್ ಹತ್ತಿರವಾದಷ್ಟೂ ನನ್ನ ಕೈಗಳು ಸೀಟ್ ಬೆಲ್ಟನ್ನು ಎಳೆಯುತ್ತಾ ಬಿಡುತ್ತಾ ಇದ್ದವು. ಮನೆ ತಲುಪಿದರೆ ಇದು ಹೀಗೇ ಮುಗಿದುಹೋಗುತ್ತದೆ ಎನಿಸಿತು.

“ಆ ಹಾಸ್ಟೆಲ್‌ನಲ್ಲಿ ಚಿಕ್ಕ ಫ್ರಿಜ್ ಇಟ್ಕೋಬಹುದು ಅಂದ್ಲಲ್ಲ ಆ ಹುಡುಗಿ,” ಎಂದೆ ಎದುರಿನ ರಸ್ತೆ ನೋಡುತ್ತಾ. “ಅದ್ರಲ್ಲಿ ಎಷ್ಟು ಡಬ್ಬಿ ಹಿಡಿಯುತ್ತೆ?”

ಗಂಡ ಬಲಗಡೆಯ ಲೇನಿಗೆ ಸರಿದು ವೇಗ ಇಳಿಸಿದರು.

“ನಾಲ್ಕು,” ಎಂದಳು ಮಗಳು. ಮುಂದಕ್ಕೆ ಬಾಗಿ, “ಮೇ ಬಿ ಫೈವ್, ಇಫ್ ದೆ ಆರ್ ಸ್ಮಾಲ್.”

ಅಷ್ಟು ಚಿಕ್ಕ ಡಬ್ಬಿಗಳು ನಮ್ಮ ಮನೆಯಲ್ಲಿಲ್ಲ, ತರಬೇಕು ಎಂದೆ.